ಸಿಡಿಲುಗಾಲನ ಮೂರು ಅವತಾರ

ಮೇ 11, ಭಾನುವಾರ

ಮೇಜಿನ ಮೇಲೆ ಮೂರು ಕನ್ಸೋಲ್‌ಗಳು ಸಂದರ್ಶನಕ್ಕೆ ಬಂದವರ ಹಾಗೆ ಸಾಲಾಗಿ ಕೂತಿವೆ. ಎಡಗಡೆಯದು ಕ್ಯಾಸೆಟ್ ಹಾಕುವ ಕಾಲದ್ದು, ಮೈಯೆಲ್ಲ ಹಳದಿ ತಿರುಗಿದೆ. ನಡುವಿನದು ಡಿಸ್ಕಿನದು. ಅದರ ಮುಚ್ಚಳ ನಿಲ್ಲುವುದಿಲ್ಲ, ಮೇಲೊಂದು ನಿಘಂಟು ಹೇರಿದರೆ ಮಾತ್ರ ಡಿಸ್ಕ್ ತಿರುಗುತ್ತದೆ. ಬಲಗಡೆಯದು ಹೋದ ವರ್ಷ ಬಂದದ್ದು, ಅದಕ್ಕೆ ಯಾವ ಸೇವೆಯೂ ಬೇಡ. ಮೂರರಲ್ಲೂ ನಾಯಕ ಒಬ್ಬನೇ: ಸಿಡಿಲುಗಾಲ. ಹಳದಿ ಮೇಲಂಗಿ ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ, ಬೀಳುವವರನ್ನು ಹಿಡಿಯುತ್ತಾನೆ, ಕೊನೆಗೆ ಊರು ಉಳಿಸುತ್ತಾನೆ. ಮೂರು ತಲೆಮಾರಿನ ಯಂತ್ರಗಳಲ್ಲಿ ಅದೇ ಕಥೆಯನ್ನು ಮೂರು ಸಲ ಹೇಳಿದ್ದಾರೆ. ಯಾವುದು ಮೇಲು, ಯಾಕೆ ಮೇಲು ಎಂದು ಹೋಲಿಸಿ ವೀಡಿಯೊ ಸರಣಿ ಮಾಡುವುದು ನನ್ನ ಕೆಲಸ. ಹೊಸದೇ ಮೇಲು ಅನ್ನುವುದು ನನಗೆ ಈಗಲೇ ಗೊತ್ತು. ಆದರೂ ನ್ಯಾಯವಾಗಿ ಹೋಲಿಸಿದ ಹಾಗೆ ಕಾಣಬೇಕಲ್ಲ.

ಜಾಹೀರಾತು ಕಂಪನಿಯವರು ಮನೆಗೆ ಕಳಿಸಿದ ಮೇಲೆ ನನಗೆ ಸಿಕ್ಕ ಮೊದಲ ಸರಿಯಾದ ಕೆಲಸ ಇದು. ಆಟಗಳ ಜಾಲತಾಣ ನಡೆಸುವ ಸಂಪಾದಕ, ಸರಣಿ ಓಡಿದರೆ ಖಾಯಂ ಮಾಡುತ್ತೇನೆ ಅಂದಿದ್ದಾನೆ. ನನಗಿಂತ ಚಿಕ್ಕವನು, ಫೋನಿನಲ್ಲಿ ಮಾತ್ರ ದೊಡ್ಡ ಮನುಷ್ಯ.

ನಾನೇ ಮೂರನ್ನೂ ಆಡಿದರೆ ಸಪ್ಪೆಯಾಗುತ್ತದೆ ಎಂದು ಅಣ್ಣನನ್ನು ಕರೆದೆ. ಹಳೆಯ ಆಟವನ್ನು ನನಗೆ ಕಲಿಸಿದವನೇ ಅವನು. ಕೇಳಿದ್ದೇ ತಡ ಒಪ್ಪಿಕೊಂಡ, ಭಾನುವಾರ ಭಾನುವಾರ ಊಟ ಮುಗಿಸಿ ಬರುತ್ತೇನೆ ಅಂದ. ನನಗೇ ಆಶ್ಚರ್ಯವಾಯಿತು. ಹಿಂದೆ ಕರೆದಾಗಲೆಲ್ಲ ಪ್ರೆಸ್ಸಿನ ಕೆಲಸದ ನೆಪ ಹೇಳುತ್ತಿದ್ದ. ಅವನು ಡಬ್ಬಿಗಳನ್ನು ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಬಣ್ಣ ನೋಡುವವನು. ಸೋಪಿನ ಡಬ್ಬಿಯ ಮೇಲೆ ಬಂದ ಕೆಂಪು, ಗಿರಾಕಿ ಒಪ್ಪಿದ ಕೆಂಪಿಗೆ ತಾಳೆಯಾಗುತ್ತದೆಯೇ ಎಂದು ಭೂತಗನ್ನಡಿ ಹಿಡಿದು ಹೇಳುವುದು ಅವನ ಕೆಲಸ.

ಬಂದವನು ಬಾಗಿಲಲ್ಲೇ ಮುಕ್ಕಾಲಿಗೆ ಎಡವಿ ಅದನ್ನೂ ಬೀಳಿಸಿ, ಅದರ ಮೇಲಿದ್ದ ತಂತಿಗಳನ್ನೂ ಬೀಳಿಸಿದ.

"ಬರ್ತಾ ಬರ್ತಾನೇ ಊರು ಉಳಿಸೋಕೆ ಶುರು ಮಾಡಿದ್ಯಾ?" ಅಂದೆ.

"ನಿನ್ನ ಮನೇಲಿ ಕಾಲಿಡೋಕೆ ಜಾಗ ಎಲ್ಲಿದೆ ಪುಟ್ಟಿ? ಗುಜರಿ ಅಂಗಡಿ ಮಾಡ್ಕೊಂಡಿದೀಯ," ಎಂದು ನಕ್ಕ.

ಹಳೆಯ ಆಟಕ್ಕೆ ಹಳೆಯ ಟೀವಿಯನ್ನೇ ಇಟ್ಟಿದ್ದೆ, ಬೆನ್ನು ಉಬ್ಬಿದ ಪುಟ್ಟ ಡಬ್ಬಾ. ಕೂತ, ಆಡಿದ. ಒಂದು ಜೀವವನ್ನೂ ಕಳೆದುಕೊಳ್ಳದೆ ಗಡಿಯಾರ ಗೋಪುರ ದಾಟಿಬಿಟ್ಟ. ನಾನು ಎರಡನೆಯ ಕಟ್ಟಡದಲ್ಲೇ ಸತ್ತಿದ್ದೆ. ಹೊಟ್ಟೆ ಉರಿಯಿತು, ಖುಷಿಯೂ ಆಯಿತು.

ಮೇ 18, ಭಾನುವಾರ

ಇವತ್ತು ಡಿಸ್ಕಿನ ಆಟ. ಈ ಕಾಲದವರಿಗೆ ಮೊದಲ ಸಲ ಮೂರು ಆಯಾಮ ಸಿಕ್ಕಿತ್ತು, ಸಿಕ್ಕ ಸಂಭ್ರಮದಲ್ಲಿ ಎಲ್ಲವನ್ನೂ ತಿರುಗಿಸಿದ್ದಾರೆ. ಸಿಡಿಲುಗಾಲನ ಮುಖ ರಟ್ಟು ಮಡಿಸಿ ಮಾಡಿದ ಹಾಗಿದೆ. ಇಡೀ ಊರನ್ನು ಚಿತ್ರಿಸುವ ತಾಕತ್ತು ಯಂತ್ರಕ್ಕಿರಲಿಲ್ಲ, ಅದಕ್ಕೇ ಎಲ್ಲೆಲ್ಲೂ ಮಂಜು ಕವಿಸಿದ್ದಾರೆ. ನಾಲ್ಕು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಹತ್ತಿರ ಹೋದಾಗ ಕಟ್ಟಡಗಳು ನೆನಪಾದ ಹಾಗೆ ಎದ್ದು ನಿಲ್ಲುತ್ತವೆ. ಬಡತನವನ್ನು ಮುಚ್ಚಿಡೋಕೆ ಮಾಡಿದ ಮಂಜು ಎಂದು ನಾನು ಮೈಕಿನಲ್ಲಿ ಹೇಳಿದೆ. ಅಣ್ಣ ಒಪ್ಪಲಿಲ್ಲ.

"ನಂಗೆ ಈ ಮಂಜು ಇಷ್ಟ ಆಯ್ತು. ಎಷ್ಟು ಬೇಕೋ ಅಷ್ಟೇ ಕಾಣ್ಸತ್ತೆ. ಮಿಕ್ಕಿದ್ದು ಇಲ್ಲ ಅಂತ ಬೇಜಾರಿಲ್ಲ."

"ಇಲ್ಲ ಅಂತ ಬೇಜಾರಾಗ್ಬೇಕು ಅಣ್ಣ. ಊರು ಉಳ್ಸೋನಿಗೆ ಊರೇ ಕಾಣ್ಸಲ್ಲ ಅಂದ್ರೆ?"

"ಎದುರಿಗಿರೋದು ಕಂಡ್ರೆ ಸಾಕಲ್ವಾ," ಅಂದ. ಮುದುಕರ ಮಾತು. ಇನ್ನೂ ಐವತ್ತೂ ಆಗಿಲ್ಲ, ಆಗಲೇ ಹಳೆಯದೇ ಚೆನ್ನ ಅನ್ನುವವರ ಗುಂಪಿಗೆ ಸೇರಿಕೊಂಡಿದ್ದಾನೆ.

ಸರಿಯಾಗಿ ಐದಕ್ಕೆ ಎದ್ದ. ಇನ್ನೊಂದು ಹಂತ ಆಡು ಅಂದರೆ ಕೇಳಲಿಲ್ಲ. ಕತ್ತಲಾಗುವುದರೊಳಗೆ ಮನೆಯಲ್ಲಿರಬೇಕಂತೆ. ಅತ್ತಿಗೆ ಇಷ್ಟು ಬಿಗಿ ಹಿಡಿದಿದ್ದಾರೆ ಎಂದು ಗೊತ್ತಿರಲಿಲ್ಲ. ಕೆಣಕಿದೆ. ಅವನು ಚಪ್ಪಲಿ ಹುಡುಕಿಕೊಂಡು ಹೋದ.

ಮೇ 22, ಗುರುವಾರ

ಸಂಪಾದಕನ ಫೋನು. ಎರಡು ಭಾಗ ನೋಡಿದನಂತೆ. "ಮಾಹಿತಿ ಚೆನ್ನಾಗಿದೆ ಮೇಡಂ, ಆದ್ರೆ ಉಪ್ಪು ಖಾರ ಇಲ್ಲ." ಉಪ್ಪು ಖಾರಕ್ಕೆ ಎಲ್ಲಿಗೆ ಹೋಗಲಿ. ಇಡೀ ದಿನ ಏನೂ ಮಾಡಲಿಲ್ಲ.

ಮೇ 25, ಭಾನುವಾರ

ಹೊಸ ಆಟವನ್ನು ಗೋಡೆಯಗಲದ ಟೀವಿಗೆ ಹಾಕಿದೆ. ನಾನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಮಳೆ ಬಿದ್ದ ರಸ್ತೆ, ರಸ್ತೆಯಲ್ಲಿ ತಲೆಕೆಳಗಾದ ದೀಪಗಳು, ಮೇಲಂಗಿಯ ಹೊಲಿಗೆ, ಕೆಳಗೆ ಕೊಡೆ ಹಿಡಿದು ಓಡಾಡುವ ಜನ. ಹಳೆಯ ಆಟದಲ್ಲಿ ಸಿಡಿಲುಗಾಲ ಬರೀ ಹಳದಿ ಚೌಕಗಳ ಗೊಂಬೆ. ಇಲ್ಲಿ ಅವನಿಗೆ ಆಯಾಸವಾಗುತ್ತದೆ, ಹಾರಿ ಇಳಿದಾಗ ಮಂಡಿ ಉಜ್ಜಿಕೊಳ್ಳುತ್ತಾನೆ.

ಅಣ್ಣ ಬಂದವನೇ ಕುರ್ಚಿಯನ್ನು ಹಿಂದಕ್ಕೆ ಎಳೆದ. ಇನ್ನೂ ಎಳೆದ. ಬೆನ್ನು ಗೋಡೆಗೆ ತಾಗುವ ತನಕ ಎಳೆದ. ಸಿನಿಮಾ ನೋಡಲು ಬಂದ ಹಾಗೆ ಅಷ್ಟು ದೂರ ಕೂತರೆ ಆಡುವುದು ಹೇಗೆ? ಹತ್ತಿರ ಬಾ ಅಂದೆ. "ಇಲ್ಲಿಂದ ಪೂರ್ತಿ ಸಿಗತ್ತೆ" ಅಂದ.

ಪೂರ್ತಿ ಸಿಕ್ಕಿದ್ದು ಅವನೇ, ಶತ್ರುಗಳ ಕೈಗೆ. ಒಂದು ಕಟ್ಟಡ ದಾಟುವಷ್ಟರಲ್ಲಿ ಹೊಡೆತ ತಿಂದು ಬೀಳುತ್ತಿದ್ದ. ಅಪಾಯ ಬಂದ ದಿಕ್ಕಿನಲ್ಲಿ ಪರದೆಯ ಅಂಚು ಕೆಂಪಗೆ ಮಿನುಗುತ್ತದೆ. ಚಿಕ್ಕ ಮಗುವಿಗೂ ತಿಳಿಯುವ ಹಾಗೆ ಮಾಡಿದ್ದಾರೆ. ಅಣ್ಣನಿಗೆ ತಿಳಿಯಲಿಲ್ಲ. "ಎಡಕ್ಕೆ ನೋಡು, ಮಿನುಗ್ತಿದೆ" ಎಂದು ಕೂಗುತ್ತಿದ್ದೆ. ನಾನು ಕೂಗಿದ ಮೇಲೆ ಅವನು ತಲೆ ತಿರುಗಿಸುತ್ತಿದ್ದ, ಅಷ್ಟರಲ್ಲಿ ಸಿಡಿಲುಗಾಲ ಕೆಳಗೆ.

ಮಧ್ಯೆ ಟೀ ಕೊಟ್ಟೆ. ಪಕ್ಕದಿಂದ ಲೋಟ ಹಿಡಿದುಕೊಂಡು ನಿಂತೇ ಇದ್ದೆ, ತೆಗೆದುಕೊಳ್ಳಲೇ ಇಲ್ಲ. ನನಗೆ ಕೋಪ ಬಂದು "ಮಹಾರಾಜರೇ, ಟೀ" ಅಂದೆ. ಬೆಚ್ಚಿಬಿದ್ದು ಕೈಚಾಚಿದ, ಲೋಟ ತಗುಲಿ ಚೆಲ್ಲಿತು. ಕಂಟ್ರೋಲರ್ ಮೇಲೆ ಬೀಳದೆ ಇದ್ದದ್ದು ನನ್ನ ಪುಣ್ಯ.

"ಈ ಆಟ ಚೆನ್ನಾಗಿಲ್ಲ ಪುಟ್ಟಿ," ಅಂದ ಕೊನೆಗೆ. "ಹಳೇದ್ರಲ್ಲಿ ಏನು ನೋಡ್ಬೇಕು ಅಂತ ಅವ್ರೇ ಹೇಳ್ತಿದ್ರು. ಇದ್ರಲ್ಲಿ ಎಲ್ಲಾನೂ ಸುರಿದು, ನೀನೇ ಹುಡುಕ್ಕೋ ಅಂತಾರೆ."

"ಸೋತ್ರೆ ಸೋತೆ ಅಂತ ಒಪ್ಕೊ. ಆಟಕ್ಕೆ ಯಾಕೆ ಬೈತೀಯ?"

ಮಾತಿಗೆ ಮಾತು ಬೆಳೆಯಿತು. ಅವನದು ಮೊಂಡುವಾದ. ನಾನೂ ಬಿಡಲಿಲ್ಲ. ಪಕ್ಕದಲ್ಲೇ ಕೂತು ಜಗಳವಾಡುತ್ತಿದ್ದರೂ ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ, ಎದುರಿನ ಗೋಡೆಗೆ ಉತ್ತರ ಹೇಳುತ್ತಿದ್ದ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಎಲ್ಲವೂ ರೆಕಾರ್ಡ್ ಆಗಿದೆ. ಒಂದು ಕ್ಯಾಮೆರಾ ಪರದೆಗೆ, ಒಂದು ಅವನ ಕೈಗೆ.

ಮೇ 28, ಬುಧವಾರ

ಉಪ್ಪು ಖಾರ ಸಿಕ್ಕಿತು. ಬೆಳಗ್ಗೆಯಿಂದ ಕತ್ತರಿಸುತ್ತಾ ಕೂತಿದ್ದೇನೆ. ಅಣ್ಣ ಬೀಳುವ ಒಂದೊಂದು ಸಲಕ್ಕೂ ಹಳೆಯ ಕಾರಿನ ಪೋಂ ಪೋಂ ಸದ್ದು ಸೇರಿಸಿದೆ. ನಾನು "ಎಡಕ್ಕೆ, ಎಡಕ್ಕೆ" ಎಂದು ಕೂಗುವುದು, ಅವನು ಬೀಳುವುದು, ಪೋಂ. ಅದಾದ ಮೇಲೆ ಅವನ ಗಂಭೀರ ದನಿ: "ಈ ಆಟ ಚೆನ್ನಾಗಿಲ್ಲ ಪುಟ್ಟಿ." ಮತ್ತೆ ಪೋಂ. ನಾನೇ ಮಾಡಿದ್ದಕ್ಕೆ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ತಿಂಗಳಾಗಿತ್ತೋ ಹೀಗೆ ನಕ್ಕು. 'ಹಳೆಯ ಹುಲಿ, ಹೊಸ ಕಾಡು' ಎಂದು ಹೆಸರಿಟ್ಟೆ. ಸಂಪಾದಕ ಫೋನಿನಲ್ಲೇ ಚಪ್ಪಾಳೆ ತಟ್ಟಿದ.

ಅಣ್ಣನಿಗೆ ತೋರಿಸಬೇಕಿತ್ತೇನೋ. ಮುಖ ಎಲ್ಲೂ ಇಲ್ಲವಲ್ಲ, ಬರೀ ಕೈ ಮತ್ತು ದನಿ. ತಮಾಷೆ ಅವನಿಗೂ ಅರ್ಥವಾಗುತ್ತದೆ.

ಜೂನ್ 1, ಭಾನುವಾರ

ಜಗಳವಾಡಿದ್ದಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಏನೂ ಆಗದವನ ಹಾಗೆ, ಹೊಸ ಆಟವನ್ನೇ ಇನ್ನೊಂದು ಸಲ ನೋಡೋಣ ಅಂದ. ಇವತ್ತು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಆಡಿದ, ರಸ್ತೆ ದಾಟುವವನ ಹಾಗೆ. ಸ್ವಲ್ಪ ಮುಂದೆ ಹೋದ. ಕೈ ಬೆವತು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ಇವತ್ತು ಕ್ಯಾಮೆರಾ ಬೇಡ ಕಣೇ," ಅಂದ ಒಂದು ಸಲ.

ಬೆಳಕು ಚೆನ್ನಾಗಿದೆ, ಕೊನೆಯ ಭಾಗಕ್ಕೆ ಬೇಕು ಅಂದೆ. ಆಮೇಲೆ, ಗಡಿಯಾರ ಗೋಪುರದ ಹಂತದ ನಡುವೆ, "ಪುಟ್ಟಿ, ನಿಂಗೊಂದು ವಿಷ್ಯ ಹೇಳ್ಬೇಕು" ಅಂದ. ಗೋಪುರದ ಹಂತವನ್ನು ಮೂರು ಆಟಗಳಲ್ಲೂ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಆಡಬೇಕು ಅನ್ನುವುದು ನಾನೇ ಮಾಡಿಕೊಂಡ ನಿಯಮ. ಇಲ್ಲದಿದ್ದರೆ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. "ಈ ಹಂತ ಮುಗೀಲಿ ಇರು" ಅಂದೆ. ಮುಗಿಯುವಷ್ಟರಲ್ಲಿ ಐದಾಗಿತ್ತು. ಏನೋ ಹೇಳಬೇಕು ಅಂದೆಯಲ್ಲ ಎಂದು ಕೇಳಿದೆ. "ಮುಂದಿನ ವಾರ" ಅಂದ. ಪ್ರೆಸ್ಸಿನ ಯಾವುದೋ ಪುರಾಣವಿರಬೇಕು.

ಜೂನ್ 4, ಬುಧವಾರ

ವೀಡಿಯೊ ಹೊರಬಂತು. ಓಡುತ್ತಿಲ್ಲ, ಹಾರುತ್ತಿದೆ. ಎಲ್ಲರೂ ನಗುತ್ತಿದ್ದಾರೆ, ಹಂಚುತ್ತಿದ್ದಾರೆ. ಸಂಪಾದಕ ಖಾಯಂ ಪತ್ರದ ಮಾತೆತ್ತಿದ. ಕನ್ನಡಿಯ ಮುಂದೆ ನಿಂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೂನ್ 7, ಶನಿವಾರ

ಬೆಳಗ್ಗೆ ಪ್ರತಿಕ್ರಿಯೆಗಳನ್ನು ಓದುತ್ತಿದ್ದೆ. ನಗುವ ಮುಖಗಳ ನಡುವೆ ಕಣ್ಣಾಸ್ಪತ್ರೆಯಲ್ಲಿ ತಪಾಸಣೆ ಮಾಡುವವರು ಒಬ್ಬರು ಬರೆದಿದ್ದರು: "ಇವರು ಎಲ್ಲ ಕಡೆಯೂ ತಪ್ಪುತ್ತಿಲ್ಲ. ಅಂಚಿನಿಂದ ಬಂದದ್ದು ಮಾತ್ರ ಇವರ ಕಣ್ಣಿಗೆ ಬೀಳುತ್ತಿಲ್ಲ. ನಿಮ್ಮ ಮನೆಯವರಾದರೆ ದಯವಿಟ್ಟು ಕಣ್ಣು ತೋರಿಸಿ." ಅದರ ಕೆಳಗೆ ಯಾರೋ ಪೋಂ ಪೋಂ ಎಂದು ಬರೆದಿದ್ದರು. ನಾನೂ ಮೂಗು ಮುರಿದೆ. ಆಟ ಬಾರದವರಿಗೆಲ್ಲ ಕಾಯಿಲೆ ಅಂಟಿಸಿದರೆ ಹೇಗೆ?

ತಪ್ಪೆಂದು ತೋರಿಸಿಕೊಡೋಣ ಎಂದು ಮೂಲ ಚಿತ್ರಣ ತೆಗೆದೆ. ಗೋಪುರದ ಹಂತ, ಮೂರು ಯಂತ್ರ, ಪಕ್ಕಪಕ್ಕ. ನನಗೆ ಚೆನ್ನಾಗಿ ಬರುವ ಕೆಲಸ ಇದೊಂದೇ.

ಪುಟ್ಟ ಟೀವಿಯಲ್ಲಿ ಎಲ್ಲವೂ ಅಣ್ಣನ ಎದುರಿಗೇ ಇದೆ, ಒಂದೂ ತಪ್ಪಿಲ್ಲ. ಮಂಜಿನ ಆಟದಲ್ಲಿ ಅಂಚಿನಲ್ಲಿ ಏನೂ ಇರುವುದೇ ಇಲ್ಲ, ಅಲ್ಲೂ ಸರಿಯಾಗಿದ್ದಾನೆ. ದೊಡ್ಡ ಟೀವಿಯಲ್ಲಿ ಎದುರಿನಿಂದ ಬಂದವನನ್ನು ನಾನು ನೋಡುವುದಕ್ಕಿಂತ ಮೊದಲೇ ಹೊಡೆಯುತ್ತಾನೆ. ಎಡದಿಂದ ಬಂದವನಿಗೆ, ಬಲದಿಂದ ಬಂದವನಿಗೆ ಸಿಕ್ಕಿಬೀಳುತ್ತಾನೆ. ಆಮೇಲೆ ಅವನ ಕೈಗಿಟ್ಟಿದ್ದ ಕ್ಯಾಮೆರಾದ ಚಿತ್ರಣವನ್ನು ಪರದೆಯದರ ಜೊತೆ ಹೊಂದಿಸಿದೆ. ಆಟ ಬಾರದವನ ಬೆರಳು ಗಾಬರಿಯಲ್ಲಿ ತಪ್ಪು ಗುಂಡಿ ಒತ್ತುತ್ತದೆ, ನನ್ನದು ಹಾಗೇ ಮಾಡುತ್ತದೆ. ಅಂಚು ಕೆಂಪಗೆ ಮಿನುಗುವಾಗ ಅಣ್ಣನ ಬೆರಳು ಅಲ್ಲಾಡುವುದೇ ಇಲ್ಲ. ನೆಮ್ಮದಿಯಾಗಿ ಕೂತಿರುತ್ತದೆ. ನಾನು "ಎಡಕ್ಕೆ" ಎಂದು ಕೂಗುತ್ತೇನೆ, ಆಗ ಮಾತ್ರ ಅಲ್ಲಾಡುತ್ತದೆ.

ಪೋಂ ಸದ್ದು ತೆಗೆದು ಮತ್ತೆ ನೋಡಿದೆ. ಸದ್ದಿಲ್ಲದೆ ನೋಡಿದರೆ ಅದರಲ್ಲಿ ತಮಾಷೆ ಅನ್ನುವುದು ಎಳ್ಳಷ್ಟೂ ಇಲ್ಲ. ಮುಕ್ಕಾಲಿ, ಟೀ ಲೋಟ, ಗೋಡೆಗೆ ಒತ್ತಿದ ಕುರ್ಚಿ, ಐದು ಗಂಟೆ. ಎಲ್ಲವನ್ನೂ ನಾನೇ ನನ್ನ ಕೈಯಾರೆ ಇಲ್ಲಿ ಬರೆದಿದ್ದೇನೆ. ಒಂದೊಂದಕ್ಕೂ ಒಂದೊಂದು ಚುಚ್ಚುಮಾತು ಸೇರಿಸಿ ಬರೆದಿದ್ದೇನೆ.

ಕಂಪ್ಯೂಟರಿನ ಮುಂದೆ ಕೂತು ಅತ್ತೆ. ವೀಡಿಯೊ ತೆಗೆದುಹಾಕಿದೆ. ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಂಪಾದಕ ಮಾಡಿದ, ನಾನು ಎತ್ತಲಿಲ್ಲ.

ಜೂನ್ 8, ಭಾನುವಾರ

ಬರಲಿಲ್ಲ. ಮುಕ್ಕಾಲಿಯನ್ನೂ ತಂತಿಗಳನ್ನೂ ಒಳಗಿಟ್ಟು, ಬಾಗಿಲಿನಿಂದ ಕುರ್ಚಿಯ ತನಕ ದಾರಿ ಮಾಡಿ, ಸಂಜೆಯವರೆಗೆ ಕಾದೆ.

ಜೂನ್ 9, ಸೋಮವಾರ

ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅತ್ತಿಗೆ. ಅಣ್ಣ ಪ್ರೆಸ್ಸಿಗೆ ಹೋಗಿದ್ದ, ತನ್ನ ಸಾಮಾನು ತರಲು. ಅತ್ತಿಗೆ ಬೈಯಲಿಲ್ಲ. ಒಳಗೆ ಕರೆದು ನೀರು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವರ್ಷದಿಂದ ಇದೆಯಂತೆ. ಸುತ್ತಲಿಂದ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಂಡು ಬರುವ ಕಾಯಿಲೆ. ನಡುವಿನದು ಕೊನೆಯವರೆಗೆ ಉಳಿಯಬಹುದು, ಉಳಿಯದೆಯೂ ಇರಬಹುದು. ಔಷಧಿ ಇಲ್ಲ. ಕತ್ತಲಾದರೆ ಅತ್ತಿಗೆಯ ಕೈಹಿಡಿಯದೆ ಒಂದು ಹೆಜ್ಜೆ ಇಡುವುದಿಲ್ಲ. ಬಣ್ಣ ಇವತ್ತಿಗೂ ಸರಿಯಾಗಿ ಕಾಣುತ್ತದೆ, ಭೂತಗನ್ನಡಿಯೊಳಗೆ ಹಿಡಿಸುವಷ್ಟು ಅಗಲ ಸಾಕಲ್ಲ.

"ಯಂತ್ರಗಳ ಮಧ್ಯೆ ಓಡಾಡ್ಬೇಡಿ ಅಂತ ನಾನು ದಿನಾ ಹೇಳ್ತಿದ್ದೆ," ಅಂದರು ಅತ್ತಿಗೆ. "ಕೆಲ್ಸ ಕಲೀತಿರೋ ಹುಡುಗಿಗೆ ಬಣ್ಣ ಕೈ ಹತ್ಲಿ, ಆಮೇಲೆ ನಾನೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ ಅಂತಿದ್ರು. ಮೊದ್ಲು ನಿಮಗೆ ಹೇಳ್ಬೇಕು, ಆಮೇಲೆ ಅವ್ರಿಗೆ ಅಂತಿದ್ರು."

ಬುಧವಾರ ಪ್ರೆಸ್ಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಫೋನಿನಲ್ಲೂ ನನ್ನ ವೀಡಿಯೊ ಇತ್ತಂತೆ. ದನಿ ಗುರುತು ಹಿಡಿದು ಮೊದಮೊದಲು ನಕ್ಕರಂತೆ. ಅಣ್ಣನೂ ನಕ್ಕನಂತೆ. ಶುಕ್ರವಾರ ಮ್ಯಾನೇಜರ್ ಕಣ್ಣಾಸ್ಪತ್ರೆಯವರ ಆ ಪ್ರತಿಕ್ರಿಯೆಯನ್ನು ತೋರಿಸಿ, ಇದು ನಿಜವಾ ಎಂದು ಎಲ್ಲರ ಎದುರಿಗೆ ಕೇಳಿದನಂತೆ. ಅಣ್ಣ ಸುಳ್ಳು ಹೇಳಲಿಲ್ಲ. ಯಂತ್ರವಿರುವ ಕಡೆ ಇನ್ನು ಕಾಲಿಡಬಾರದು ಎಂದು ಮ್ಯಾನೇಜರ್ ಹೇಳಿದನಂತೆ. ಆ ಮ್ಯಾನೇಜರ್ ಮಾಡಿದ್ದು ತಪ್ಪು ಎಂದು ಹೇಳುವ ಬಾಯಿ ನನಗಿಲ್ಲ. ಯಂತ್ರಕ್ಕೆ ಕೈ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಜೀವ ಬಾಯಿಗೆ ಬರುತ್ತದೆ. ಆದರೆ ಆ ಮಾತು ಅಣ್ಣನ ಬಾಯಿಂದ, ಅವನು ಆರಿಸಿದ ದಿನ ಬರಬೇಕಿತ್ತು.

ಅವನು ಬರುವ ತನಕ ಕೂರುವ ಧೈರ್ಯವಾಗಲಿಲ್ಲ. ಎದ್ದು ಬಂದೆ.

ಜೂನ್ 12, ಗುರುವಾರ

ವೀಡಿಯೊ ತೆಗೆದದ್ದಕ್ಕೆ ಸಂಪಾದಕ ಸಿಡಿಮಿಡಿಗೊಂಡಿದ್ದಾನೆ. ತೆಗೆದು ಪ್ರಯೋಜನವೂ ಆಗಿಲ್ಲ, ಯಾರ್ಯಾರೋ ನಕಲು ಮಾಡಿ ಹಾಕಿಕೊಂಡಿದ್ದಾರೆ. ಕಡೇಪಕ್ಷ ಕೊನೆಯ ಭಾಗವನ್ನಾದರೂ ಕೊಡಿ, ಮೂರರಲ್ಲಿ ಯಾವುದು ಮೇಲು ಎಂದು ಒಂದು ತೀರ್ಪು ಹೇಳಿ ಮುಗಿಸಿ ಅಂದ. ಗೊತ್ತಿಲ್ಲ ಅಂದೆ. "ಗೊತ್ತಿಲ್ಲ ಅಂದ್ರೆ ಏನ್ ಮೇಡಂ? ನಿಮ್ಮ ಕೆಲ್ಸಾನೇ ಅದು." ಹೌದು ಅಂದು ಇಟ್ಟುಬಿಟ್ಟೆ. ಖಾಯಂ ಪತ್ರ ಇನ್ನು ಬಾರದು.

ಜೂನ್ 15, ಭಾನುವಾರ

ಅಣ್ಣ ತಾನೇ ಫೋನ್ ಮಾಡಿ ಬಾ ಅಂದ. ಬೆಳಗ್ಗೆಯೇ ಹೋದೆ. ಕಿಟಕಿಯ ಪಕ್ಕ ಕೂತಿದ್ದ. ಗಡ್ಡದಲ್ಲಿ ಬಿಳಿ ಕೂದಲು ಬಂದಿದೆ, ಎಡಗಡೆ ಹೆಚ್ಚು. ಕೆಳತುಟಿಯ ಕೆಳಗೆ, ಚಿಕ್ಕವನಿದ್ದಾಗ ಮೆಟ್ಟಿಲಿನಿಂದ ಬಿದ್ದು ಆದ ಗಾಯದ ಕಲೆ ಹಾಗೇ ಇದೆ. ಅಂಗಿಯ ಕಾಲರ್ ಸವೆದಿದೆ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡಿದ್ದ.

ಅಭ್ಯಾಸಬಲದಿಂದ ಪಕ್ಕದಲ್ಲಿ ಕೂರಲು ಹೋದೆ. "ಅಲ್ಲಿ ಬೇಡ, ಎದುರಿಗೆ ಕೂತ್ಕೊ," ಅಂದ. ಕೂತೆ. ನನ್ನನ್ನು ನೋಡಿದ. ನೋಟ ನನ್ನ ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಿವಿಗೆ ಮೆಲ್ಲಗೆ ಸರಿಯಿತು. ಒಂದೇ ಸಲಕ್ಕೆ ಪೂರ್ತಿ ಸಿಗುವುದಿಲ್ಲ ಎಂದು ಕಾಣುತ್ತದೆ.

"ಅತ್ತಿದೀಯ," ಅಂದ.

"ಕ್ಷಮಿಸು ಅಣ್ಣ."

"ಬಿಡೇ. ನಂಗೂ ನಗು ಬಂತು, ಆ ಪೋಂ ಪೋಂ ಕೇಳಿ. ಚಿಕ್ಕೋಳಿದ್ದಾಗ್ಲೂ ನೀನು ಹಾಗೇ, ನಾನು ಬಿದ್ರೆ ಮೊದ್ಲು ನಗ್ತಿದ್ದೆ, ಆಮೇಲೆ ಎಬ್ಬಿಸ್ತಿದ್ದೆ." ಕಿಟಕಿಯ ಕಡೆ ತಿರುಗಿ, "ಪ್ರೆಸ್ಸಲ್ಲಿ ಆ ಹುಡುಗಿ ಅತ್ಲು. ನೀಲಿ ಇನ್ನೂ ಅವ್ಳಿಗೆ ಸರಿಯಾಗಿ ಬರಲ್ಲ. ಅದೊಂದು ಹೇಳ್ಕೊಟ್ಟು ಬರೋಣ ಅಂತಿತ್ತು," ಅಂದ.

ಅತ್ತಿಗೆ ಟೀ ತಂದು ಅವನ ಎದುರಿನಿಂದ, ಅವನಿಗೆ ಕಾಣುವ ಹಾಗೆ ಹಿಡಿದು ಕೊಟ್ಟರು. ಇಷ್ಟು ಸುಲಭದ ಕೆಲಸ.

"ಅವತ್ತು ಗೋಪುರದ ಹಂತದಲ್ಲಿ ಏನೋ ಹೇಳ್ಬೇಕು ಅಂದ್ಯಲ್ಲ," ಎಂದು ಕೇಳಿದೆ.

"ಇದೇ."

"ಈಗ ಹೇಳು."

"ಈಗೇನು ಹೇಳೋದು? ಊರಿಗೆಲ್ಲ ಗೊತ್ತು."

"ನಂಗೇನೂ ಗೊತ್ತಿಲ್ಲ ಅಂದ್ಕೊ. ಮೊದ್ಲಿಂದ ಹೇಳು. ನಾನು ಎಲ್ಲಿಗೂ ಹೋಗಲ್ಲ, ಮಧ್ಯೆ ಬಾಯಿ ಹಾಕಲ್ಲ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಆಗಲ್ಲ ಪುಟ್ಟಿ. ಎರಡು ವರ್ಷದಿಂದ ಮನಸ್ಸಲ್ಲೇ ಹೇಳ್ಕೊಂಡು ನೋಡ್ತಿದ್ದೆ. ಹೇಳಿದಾಗ ನಿನ್ನ ಮುಖ ಹೇಗಾಗತ್ತೆ, ಅಳ್ತೀಯೋ, ಬೈತೀಯೋ, ಎದ್ದು ಬಂದು ಕೈ ಹಿಡ್ಕೋತೀಯೋ ಅಂತ. ಕಾಣೋವಾಗ್ಲೇ ಅದನ್ನ ನೋಡ್ಬೇಕು ಅಂತಾನೇ ಪ್ರತಿ ಭಾನುವಾರ ಬರ್ತಿದ್ದೆ. ಈಗ ಹೇಳಿದ್ರೆ ಆ ಮುಖ ಬರಲ್ಲ. ಅದು ಆಗ್ಹೋಯ್ತಲ್ಲ."

ಆಗಿಹೋಗಿತ್ತು. ಆ ಶನಿವಾರ ಬೆಳಗ್ಗೆ, ನನ್ನ ಕೋಣೆಯಲ್ಲಿ, ಅವನ ಬೆರಳುಗಳ ಚಿತ್ರದ ಮುಂದೆ ಒಬ್ಬಳೇ ಕೂತಿದ್ದಾಗ.